ವಿನೋದಿನಿ ಅಕ್ಕನ ದುರ್ಬೀನು

ಮಾರ್ಚ್ 9, ಆದಿತ್ಯವಾರ

ಇದನ್ನು ಬರೆಯುವುದು ಬೇಡ ಎಂದೇ ಕೂತಿದ್ದೆ. ಆದರೆ ಬರೆಯದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಇವತ್ತು ವಿನೋದಿನಿಯ ಫೋನ್ ಬಂದಾಗ ನನಗೆ ಖುಷಿಯಾಯಿತು. ಪ್ರೀತಿಯಿಂದಲ್ಲ. ಕೊನೆಗೂ ಅವಳಿಗೆ ನನ್ನಿಂದ ಏನೋ ಬೇಕಾಯಿತಲ್ಲ, ಇನ್ನು ಕಾಯಿಸಬಹುದು ಎಂಬ ಖುಷಿ.

ವಿನೋದಿನಿ ನನ್ನ ಗಂಡ ತಿಲಕ್‌ನ ಅಕ್ಕ. ಅವಳ ಗಂಡ ದೇವಾನಂದ ಭಾವನಿಗೆ ಪರೇಲಿನಲ್ಲಿ ಹೋಟೆಲು. ಮೇ ತಿಂಗಳಲ್ಲಿ ಇಬ್ಬರೂ ಟೂರಿನವರ ಜೊತೆ ಹಡಗಿನಲ್ಲಿ ಅಲಾಸ್ಕಾಕ್ಕೆ ಹೋಗುತ್ತಾರಂತೆ. ಹಡಗಿನ ಮೇಲಿಂದಲೇ ತಿಮಿಂಗಿಲ, ಕರಡಿ, ಹದ್ದು ಎಲ್ಲ ಕಾಣುತ್ತವಂತೆ.

"ಒಂದು ದುರ್ಬೀನು ಬೇಕು ನಮಿತಾ. ಒಳ್ಳೇದು. ನೀನು ಇಂಗ್ಲಿಷ್ ಮೀಡಿಯಮ್ ಅಲ್ವಾ, ಆ ನಂಬರೆಲ್ಲ ನಿನಗೆ ಅರ್ಥ ಆಗ್ತದೆ."

"ಭಾವನಿಗೆ ಹೇಳಬಹುದಿತ್ತಲ್ಲ ಅಕ್ಕ."

"ಅವರಿಗೆ ಬಫೆ ನೋಡ್ಲಿಕ್ಕೆ ದುರ್ಬೀನು ಬೇಡ. ತಿಮಿಂಗಿಲ ನೋಡ್ಲಿಕ್ಕಿರುವುದು ನನಗೆ."

ಮದುವೆಯ ಬಗ್ಗೆ ಒಂದು ಮಾತಿಲ್ಲ. ಶ್ರಾವ್ಯಾ ಹೇಗಿದ್ದಾಳೆ ಎಂದೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ನನ್ನ ಮಗಳು ಶ್ರಾವ್ಯಾಳ ಮದುವೆಯಾಯಿತು. ಹುಡುಗ ಮರಾಠಿ, ಆದರೂ ಧಾರೆ ನಮ್ಮ ಊರಿನ ಕ್ರಮದಲ್ಲೇ ಆಗಲಿ ಎಂದು ಅವರೂ ಒಪ್ಪಿದ್ದರು. ಕೂಡಿಸಿದ ಕೈಗಳ ಮೇಲೆ ತಂದೆತಾಯಿ ಎರೆದ ಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ಗಿಂಡಿಯಿಂದ ಹಾಲು ಎರೆಯಬೇಕು. ಸೋದರತ್ತೆ ಮೊದಲು ಬರಬೇಕಾದವಳು. ಮೈಕಿನಲ್ಲಿ ಎರಡು ಸಲ ಹೆಸರು ಕರೆದರು. ಅವಳು ಮುಂದಿನ ಸಾಲಿನಲ್ಲಿ ಪರ್ಸನ್ನು ತೊಡೆಯ ಮೇಲೆ ಅವುಚಿಕೊಂಡು ಕೂತೇ ಇದ್ದಳು. ಮಂಡಿನೋವು ಎಂದು ಬೇರೆಯವರ ಬಾಯಲ್ಲಿ ಹೇಳಿಸಿದಳು. ಆಮೇಲೆ ಊಟಕ್ಕೆ ಮೆಟ್ಟಿಲಿಳಿಯುವಾಗ ಯಾವ ಮಂಡಿಯೂ ನೋಯಲಿಲ್ಲ.

ನಮ್ಮವರಲ್ಲಿ ಧಾರೆ ಎರೆಯದಿದ್ದರೆ ಈ ಮದುವೆ ನನಗೆ ಒಪ್ಪಿಗೆ ಇಲ್ಲ ಎಂದ ಹಾಗೆ. ಅದಕ್ಕೆ ಬೇರೆ ಅರ್ಥವಿಲ್ಲ. ಶ್ರಾವ್ಯಾ ಆ ದಿನವೇ ಹೇಳಿದಳು, ಇನ್ನು ಅತ್ತೆಯ ಮನೆಗೆ ಕಾಲಿಡುವುದಿಲ್ಲ ಎಂದು.

ಒಂದು ದುರ್ಬೀನು ತಾನೇ? ತಂದುಕೊಡುತ್ತೇನೆ. ಆದರೆ ಅವಳು ಹಡಗು ಹತ್ತುವ ಮೊದಲು ಯಾಕೆ ಎರೆಯಲಿಲ್ಲ ಎಂಬುದು ಅವಳ ಬಾಯಿಂದಲೇ ಬರಬೇಕು.

ಮಾರ್ಚ್ 12, ಬುಧವಾರ

ಊಟದ ಬಿಡುವಿನಲ್ಲಿ ಓದಿದೆ. ಪೆಟ್ಟಿಗೆಯ ಮೇಲೆ 8x42 ಎಂದು ಬರೆದಿದ್ದರೆ, ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ ನಲವತ್ತೆರಡು ಮಿಲಿಮೀಟರ್. ಪಟ್ಟು ಜಾಸ್ತಿಯಾದಷ್ಟೂ ಒಳ್ಳೆಯದು ಎಂದು ಎಲ್ಲರೂ ತಿಳಿಯುತ್ತಾರೆ, ಅದು ತಪ್ಪು. ಪಟ್ಟು ಜಾಸ್ತಿಯಾದಷ್ಟೂ ಅಲುಗಾಟವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ನೋಟದ ಅಗಲ ಕುಗ್ಗುತ್ತದೆ. ಹಡಗಿನಲ್ಲಿ ಏಳು ಅಥವಾ ಎಂಟು ಸಾಕು. ನೀರು ಒಳಹೋಗಬಾರದು. ಕನ್ನಡಕ ಹಾಕುವವರಿಗೆ ಕಣ್ಣಿನ ಹತ್ತಿರದ ರಬ್ಬರು ಮಡಚುವಂತಿರಬೇಕು.

ಫೋರ್ಟಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಅನೀಸ ವಿಜಯಪುರದವರು. ನಮ್ಮ ಆಫೀಸಿಗೆ ಸಾಮಾನು ಕೊಡುವವರು. ನೋಡಿ ಬೇಡವಾದರೆ ವಾಪಸ್ಸು ಕೊಡಿ ಎಂದು ಒಂದು 8x42 ಕೊಟ್ಟರು. ವಿಕ್ರೋಳಿಯ ನಮ್ಮ ಆಫೀಸಿನ ಟೆರೇಸಿನಿಂದ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆ ನೋಡಿದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ ಒಂದು ಮಿಂಚುಳ್ಳಿ. ಎಷ್ಟು ವರ್ಷ ಈ ಟೆರೇಸಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ, ಅಲ್ಲಿ ಹಕ್ಕಿ ಇದೆ ಎಂದೇ ಗೊತ್ತಿರಲಿಲ್ಲ.

ಮಾರ್ಚ್ 16, ಆದಿತ್ಯವಾರ

ಪರೇಲಿಗೆ ಹೋಗಿ ಕೊಟ್ಟೆ. ವಿನೋದಿನಿ ಎದ್ದು ಬಾಗಿಲಿಗೆ ಬರಲಿಲ್ಲ, ಕೆಲಸದ ಸೇವಂತಿ ತೆರೆದಳು. ಸೋಫಾದಲ್ಲಿ ಮಹಾರಾಣಿಯ ಹಾಗೆ ಕೂತಿದ್ದಳು. ಮದುವೆಗೆ ಮುಂಚೆ ಊರಿನಲ್ಲಿ ಬೀಡಿ ಕಟ್ಟುತ್ತಿದ್ದವಳು ಎಂದು ಈಗ ಯಾರೂ ನಂಬುವುದಿಲ್ಲ. ಭಾವ ಮಾತ್ರ ತಮಾಷೆಗೆ ನೆನಪಿಸುತ್ತಾರೆ.

ಕಿಟಕಿಯ ಹತ್ತಿರ ನಿಂತು ಒಂದು ಕ್ಷಣ ಕಣ್ಣಿಗೆ ಹಿಡಿದು ಕೆಳಗಿಟ್ಟಳು.

"ಇದು ಎಂಥದು? ಎಲ್ಲ ಮಸುಕು ಮಸುಕು."

"ನಡುವಿನ ಚಕ್ರ ತಿರುಗಿಸಬೇಕು ಅಕ್ಕ."

"ತಿರುಗಿಸಿದೆ. ನನಗೆ ಕಲಿಸ್ಬೇಡ. ಇಷ್ಟು ಹಗುರ ಉಂಟು, ಮಕ್ಕಳ ಆಟದ ಸಾಮಾನು."

ಸೇವಂತಿ ಇಬ್ಬರಿಗೂ ಚಹಾ ಇಟ್ಟಳು. ನಾನು ಕುಡಿದೆ. ಅವಳು ಮುಟ್ಟಲೇ ಇಲ್ಲ. ಕೆನೆ ಕಟ್ಟಿತು. ನನ್ನ ಎದುರು ಚಹಾ ಕುಡಿಯುವುದೂ ಅವಳಿಗೆ ಅವಮಾನವೇ? ಬಾಯಿಬಿಟ್ಟು ಕೇಳಿಬಿಡೋಣ ಎಂದುಕೊಂಡೆ. ಸೇವಂತಿ ಅಲ್ಲೇ ಇದ್ದಳು. ಕೇಳಲಿಲ್ಲ.

ಟ್ರೈನಿನಲ್ಲಿ ನಮ್ಮ ಬೊರಿವಲಿಯವರೆಗೂ ನಿಂತೇ ಬಂದೆ, ಅವಳು ಬೇಡವೆಂದ ದುರ್ಬೀನನ್ನು ಎದೆಗೆ ಒತ್ತಿಕೊಂಡು.

ಮಾರ್ಚ್ 23, ಆದಿತ್ಯವಾರ

ಇನ್ನೊಂದು ಕಳಿಸಿದೆ, ಭಾರದ್ದು, ಹಡಗಿನವರು ಬಳಸುವಂಥ 7x50. ಎರಡೇ ದಿನದಲ್ಲಿ ಹೋಟೆಲಿನ ಚೆನ್ನಯ ವಾಪಸ್ಸು ತಂದುಕೊಟ್ಟ. "ಭಾರ ಆಯ್ತಂತೆ ನಮಿತಕ್ಕ. ನಾನು ಹೇಳಿದ್ದಲ್ಲ, ಅವರು ಹೇಳಿದ್ದು" ಎಂದು ಕೈ ಮುಗಿದು ಓಡಿದ.

ಹಗುರ ಬೇಡ, ಭಾರ ಬೇಡ. ಮತ್ತೆ ಯಾವುದು ಬೇಕು?

ಈಗ ಮೆಸೇಜೂ ಬರೆಯುವುದಿಲ್ಲ. ಬರೀ ವಾಯ್ಸ್ ಮೆಸೇಜು. "ನಮಿತಾ, ಇದೂ ಆಗೂದಿಲ್ಲ. ಸರಿಯಾಗಿ ನೋಡಿ ಕಳ್ಸು." ಕೆಲಸದವರಿಗೆ ಹೇಳುವ ದನಿ. ಮೊದಲೆಲ್ಲ ಉದ್ದುದ್ದ ಬರೆಯುತ್ತಿದ್ದಳು, ಕೊನೆಗೆ ಹೂವಿನ ಚಿತ್ರ ಬೇರೆ. ಈಗ ನನಗೋಸ್ಕರ ಅಷ್ಟು ಬೆರಳು ಸವೆಸುವುದೂ ಅವಳಿಗೆ ದಂಡ.

ಮಾರ್ಚ್ 24, ಸೋಮವಾರ

ಅವಳ ವಾಯ್ಸ್ ಮೆಸೇಜು ಮೂರನೆಯದು. ಕೇಳಲಿಲ್ಲ.

ಏಪ್ರಿಲ್ 5, ಶನಿವಾರ

ತಿಲಕ್‌ನೊಂದಿಗೆ ಜಗಳ. "ನಿಮ್ಮ ಅಕ್ಕನಿಗೆ ನೀವೇ ತಂದುಕೊಡಿ" ಎಂದೆ.

"ಬಿಡು ಮಾರಾಯ್ತಿ. ಅಕ್ಕ ಮೊದಲಿನಿಂದ ಹಾಗೇ."

"ಹಾಗೇ ಅಂದರೆ? ಮಗಳ ಮಂಟಪಕ್ಕೆ ಹತ್ತದಿರುವುದೂ ಹಾಗೇನಾ?"

ಪೇಪರಿನ ಹಿಂದೆ ಮುಖ ಮರೆಮಾಡಿದರು. ಅವರ ಮನೆಯವರು ತಮ್ಮತಮ್ಮಲ್ಲಿ ತುಳು, ನನ್ನ ಹತ್ತಿರ ಮಾತ್ರ ಕನ್ನಡ. ನನ್ನ ತವರು ಕುಂದಾಪುರದ ಕಡೆ, ತುಳು ಅರ್ಥವಾಗುತ್ತದೆ, ನಾಲಗೆ ತಿರುಗುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮನೆಯಲ್ಲಿ ನಾನು ಕನ್ನಡದಲ್ಲಿ ಮಾತಾಡಿಸಬೇಕಾದ ನೆಂಟಳು.

ಶ್ರಾವ್ಯಾ ಫೋನಿನಲ್ಲಿ ನಕ್ಕಳು. "ಮಮ್ಮಿ, ತೂ ಅತ್ತೇದು ಕೊರಿಯರ್ ಸರ್ವಿಸ್ ಹೈ ಕ್ಯಾ? ಸೆಲ್ಫ್ ರೆಸ್ಪೆಕ್ಟ್ ಇಲ್ವಾ ನಿಂಗೆ?"

ಇದೆ. ಎಷ್ಟಿದೆ ಎಂದು ತೋರಿಸುತ್ತೇನೆ.

ಏಪ್ರಿಲ್ 9, ಬುಧವಾರ

ಮೂರನೆಯ ದುರ್ಬೀನು ತಂದೆ. ಇಪ್ಪತ್ತರಿಂದ ಅರವತ್ತು ಪಟ್ಟು ಜೂಮ್. ಪೆಟ್ಟಿಗೆಯ ಮೇಲೆ ಬಂಗಾರದ ಅಕ್ಷರ, ಹಾರುವ ಹದ್ದಿನ ಚಿತ್ರ. ನೋಡಿದವರು ಬಾಯಿ ತೆರೆಯಬೇಕು. ಹಡಗಿನಲ್ಲಿ ಇದರಿಂದ ತಿಮಿಂಗಿಲವೂ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ಕುಣಿಯುವ ಬೂದು ಬಣ್ಣ ಕಾಣುತ್ತದೆ ಅಷ್ಟೆ. ಗೊತ್ತಿದ್ದೇ ತಂದೆ. ಒಳ್ಳೇದೇ ಬೇಕಿತ್ತಲ್ಲ, ಅಲಾಸ್ಕಾದವರೆಗೆ ಹೊತ್ತುಕೊಂಡು ಹೋಗಲಿ.

ಇದು ಸಣ್ಣತನವೇ? ಸಣ್ಣತನವೇ. ಪೆಟ್ಟಿಗೆಗೆ ಉಡುಗೊರೆಯ ಕಾಗದ ಸುತ್ತುವಾಗ ಹಾಡು ಗುನುಗುತ್ತಿದ್ದೆ ಎಂಬುದನ್ನೂ ಬರೆದಿಡುತ್ತೇನೆ.

ಏಪ್ರಿಲ್ 14, ಸೋಮವಾರ

ಬಿಸು, ತುಳುನಾಡಿನ ಹೊಸ ವರ್ಷ. ರಜೆಯೂ ಇದ್ದದ್ದರಿಂದ ಎಲ್ಲರೂ ಪರೇಲಿನ ಮನೆಯಲ್ಲಿ ಸೇರಿದ್ದರು. ಶ್ರಾವ್ಯಾ ಬರಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತು.

ಊಟದ ಮೇಲೆ ಪೆಟ್ಟಿಗೆ ಕೊಟ್ಟೆ. ಎಲ್ಲರೆದುರು. ಅದೂ ಲೆಕ್ಕ ಹಾಕಿಯೇ.

"ಅಬ್ಬ, ಅರವತ್ತು!" ಎಂದರು ಭಾವ. "ಇದರಲ್ಲಿ ನೋಡಿದ್ರೆ ಉಡುಪಿ ಕಾಣ್ಲಿಕ್ಕುಂಟು."

"ಉಡುಪಿ ಬೇಡ, ಮೊನ್ನೆ ಬಿಲ್ಲು ಕೊಡದೆ ಓಡಿದ ಗಿರಾಕಿ ಕಂಡ್ರೆ ಸಾಕು" ಎಂದರು ದೂಜ ಮಾವ, ತಿಲಕ್‌ನ ಸೋದರಮಾವ. ಎಂಬತ್ತು ದಾಟಿದರೂ ಅವರ ಬಾಯಿ ಸುಮ್ಮನಿರುವುದಿಲ್ಲ.

ಎಲ್ಲರೂ ಬಾಲ್ಕನಿಗೆ ಬಂದೆವು. ಆ ಎತ್ತರದಿಂದ ಶಿವಡಿಯ ಕಡೆ ಕೆಸರುನೆಲದಲ್ಲಿ ಗುಲಾಬಿ ಗೆರೆಯ ಹಾಗೆ ಫ್ಲೆಮಿಂಗೊಗಳು. ಮೊದಲು ನೀನೇ ನೋಡು ಎಂದು ಭಾವ ವಿನೋದಿನಿಯ ಕೈಗೆ ಕೊಟ್ಟರು. ಅವಳು ಬೇಡ ಎಂದಳು. ಮತ್ತೆ ಕೊಟ್ಟರು. ಹಿಡಿದಳು.

ದುರ್ಬೀನು ನಿಲ್ಲಲಿಲ್ಲ. ಕಣ್ಣಿನ ಹತ್ತಿರ ಹೋದದ್ದು ಕನ್ನಡಕಕ್ಕೆ ಕಟಕಟ ಬಡಿಯಿತು. ಮೊಣಕೈ ಪಕ್ಕೆಗೆ ಒತ್ತಿಕೊಂಡಳು. ಮತ್ತೂ ಬಡಿಯಿತು.

"ಹಿಡಿಲಿಕ್ಕೇ ಬರೂದಿಲ್ಲ ಇವಳಿಗೆ!" ಭಾವ ನಕ್ಕರು. "ಕೈಗೆ ಇನ್ನೂ ಬೀಡಿ ಬೇಕು. ನೋಡಿ, ಸುಮ್ಮನೆ ಕೂತ್ರೂ ಬೆರಳು ಬೀಡಿ ಸುತ್ತುತ್ತಾ ಇರ್ತದೆ. ಊರಿನ ಅಭ್ಯಾಸ ಹೋಗೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದಕ್ಕೇ ತಾನೇ ತಂದದ್ದು.

ದುರ್ಬೀನು ಕೈಜಾರಿ ಕಂಬಿಗೆ ಬಡಿದು ನೆಲಕ್ಕೆ ಬಿತ್ತು. ಗಾಜು ಒಡೆಯಿತು. ಅವಳು ನನ್ನ ಕಡೆ ತಿರುಗಿದಳು.

"ಬೇಕಂತಲೇ ತಂದದ್ದು ನೀನು. ಗೊತ್ತಾಗೂದಿಲ್ಲ ಅಂತ ಮಾಡಿದ್ದೀಯಾ? ಕಲಿತ ಅಹಂಕಾರ ಎಲ್ಲ ನನ್ನ ಮೇಲೆ ತೀರಿಸೂದಾ?"

ಉತ್ತರ ಬಾಯಲ್ಲಿ ಸಿದ್ಧವಿತ್ತು, ಧಾರೆಯ ಪ್ರಶ್ನೆಯೂ ಸಿದ್ಧವಿತ್ತು. ಎಲ್ಲರೂ ಇದ್ದರು, ನಾನು ಕಾದ ಗಳಿಗೆ ಅದೇ. ಅಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕುಸಿದಳು. ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಿತ್ತು, ನಿಜವಾಗಿಯೂ ಎಲೆ ಸುತ್ತುವ ಹಾಗೆ. ಅವಳು ಎಡಗೈಯಿಂದ ಅದನ್ನು ಮುಚ್ಚಿದಳು. ಕೆಳಗಿನ ಕೈ ನಿಲ್ಲಲಿಲ್ಲ, ಮುಚ್ಚಿದ ಕೈಯೂ ಅಲುಗಿತು.

ಬೀಡಿ ಕಟ್ಟುವುದನ್ನು ಬಿಟ್ಟು ಮೂವತ್ತೈದು ವರ್ಷವಾಗಿರಬೇಕು. ಯಾರ ಬೆರಳಿಗೂ ಅಷ್ಟು ನೆನಪಿರುವುದಿಲ್ಲ.

ಬಗ್ಗಿ ಗಾಜಿನ ಚೂರು ಹೆಕ್ಕಿದೆ.

ಏಪ್ರಿಲ್ 15, ಮಂಗಳವಾರ

ಕೆಲಸದಲ್ಲಿ ಮನಸ್ಸಿಲ್ಲ. ಮುಟ್ಟದ ಚಹಾ. ವಾಯ್ಸ್ ಮೆಸೇಜು. ಪರ್ಸು ಅವುಚಿಕೊಂಡು ಕೂತದ್ದು.

ಸುಮ್ಮನೆ ಕಲ್ಪಿಸಿಕೊಳ್ಳುತ್ತಿದ್ದೇನೋ? ಹಾಗಿದ್ದರೆ ಒಳ್ಳೆಯದು, ಕೋಪ ಹಾಗೇ ಇಟ್ಟುಕೊಳ್ಳಬಹುದು.

ಏಪ್ರಿಲ್ 17, ಗುರುವಾರ

ಅರ್ಧ ದಿನ ರಜೆ ಹಾಕಿ ಪರೇಲಿಗೆ ಹೋದೆ. ಭಾವ ಹೋಟೆಲಿನಲ್ಲಿದ್ದರು. ಒಡೆದದ್ದನ್ನು ವಾಪಸ್ಸು ತೆಗೆದುಕೊಂಡು ಹೋಗುತ್ತೇನೆ ಎಂದೆ. ಸೇವಂತಿಯನ್ನು ತರಕಾರಿಗೆ ಕಳಿಸುವವರೆಗೂ ಅಕ್ಕ ಮಾತಾಡಲಿಲ್ಲ.

"ಕೈ ಯಾವಾಗಿನಿಂದ ಹೀಗೆ?"

"ಯಾವ ಕೈ?"

"ಅಕ್ಕ."

"ನಿನಗೆ ಯಾಕೆ? ನೀನು ಡಾಕ್ಟರಾ?"

"ಡಾಕ್ಟರಿಗೆ ತೋರಿಸಿದ್ದೀರಾ ಇಲ್ಲವಾ?"

ಅಕ್ಕ ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೇಳಿದರು. ತೋರಿಸಿದ್ದಾರೆ, ದೀಪಾವಳಿಯ ಹೊತ್ತಿಗೆ. ನಡುಗುವ ಕಾಯಿಲೆ, ಪಾರ್ಕಿನ್‌ಸನ್ಸ್. ಮಾತ್ರೆ ಶುರುವಾಗಿದೆ. ತೋರಿಸಿದ್ದು ಬೊರಿವಲಿಯಲ್ಲಂತೆ, ನಮ್ಮ ಸ್ಟೇಷನ್ನಿನ ಎದುರಿನ ರಸ್ತೆಯಲ್ಲಿ.

"ಬೊರಿವಲಿಗೆ ಬಂದು ನಮ್ಮ ಮನೆಗೆ ಬರಲಿಲ್ಲ?"

"ನಿನಗೆ ಗೊತ್ತಾಗ್ಲಿ ಅಂತ ಬಂದದ್ದಾ? ಪರೇಲಿನಲ್ಲಿ ತೋರಿಸ್ಲಿಕ್ಕೆ ಆಗೂದಿಲ್ಲ. ಇಲ್ಲಿನ ಆಸ್ಪತ್ರೆಯವರೆಲ್ಲ ಊಟ ಮಾಡೂದು ನಮ್ಮ ಹೋಟೆಲಿನಲ್ಲಿ. ಸಾರಿನ ಜೊತೆ ಇವರಿಗೆ ಸುದ್ದಿಯೂ ಬಡಿಸ್ತಾರೆ."

"ಅಂದರೆ ಭಾವನಿಗೆ ಗೊತ್ತಿಲ್ಲವಾ?"

"ಅವರಿಗೆ ಬೀಡಿ ಅಂತಲೇ ಗೊತ್ತು. ಹಾಗೇ ಇರ್ಲಿ. ಹೇಳಿದ್ರೆ ಟಿಕೆಟ್ ಕ್ಯಾನ್ಸಲ್. ಮತ್ತೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಗಂಜಿ ಕುಡಿಸೂದು, ಬಂದವರೆಲ್ಲ ಅಯ್ಯೋ ಪಾಪ ಹೇಳೂದು. ಹಡಗಿಂದ ಬಂದ ಮೇಲೆ ನಾನೇ ಹೇಳ್ತೇನೆ. ಅಲ್ಲಿವರೆಗೆ ನಾನು ರೋಗಿ ಅಲ್ಲ."

ನಾನು ಕೇಳಲೇಬೇಕಾಗಿತ್ತು. ಕೇಳಿದೆ. "ಮತ್ತೆ ಶ್ರಾವ್ಯಾಳ ಧಾರೆ?"

ಅಕ್ಕ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಗಿಂಡಿ ಹಿಡಿದು ನಿಂತು ಹಾಲು ಮಕ್ಕಳ ಕೈಗೆ ಬೀಳದೆ ನೆಲಕ್ಕೆ ಚೆಲ್ಲಿದ್ರೆ? ವಿಡಿಯೋದವನು ಬೇರೆ ಇದ್ದ. ಅಪಶಕುನ ಅಂತ ಮೊದಲು ಯಾರು ಹೇಳ್ತಿದ್ದದ್ದು? ನೀನೇ."

ಅಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಆ ದಿನ ಯಾರೋ ಕುಂಕುಮದ ಬಟ್ಟಲು ತಟ್ಟಿ ಚೆಲ್ಲಿದ್ದಕ್ಕೇ ಅಪಶಕುನವೆಂದು ನಾನು ಎಷ್ಟು ಮಾತಾಡಿದ್ದೆ.

"ನನಗಾದರೂ ಹೇಳಬಹುದಿತ್ತು. ಎಷ್ಟು ದಿನದಿಂದ ನಿಮ್ಮನ್ನು ಬೈದುಕೊಂಡು ಓಡಾಡುತ್ತಿದ್ದೇನೆ."

"ಬೈ. ಇನ್ನೂ ಬೈ. ನೀನು ಇದ್ದಕ್ಕಿದ್ದ ಹಾಗೆ ಅಕ್ಕ ಅಕ್ಕ ಅಂತ ಬಂದು ತಲೆ ಸವರಿದ್ರೆ ಎಲ್ಲರಿಗೂ ಸಂಶಯ ಬರ್ತದೆ. ಮೊದಲಿನ ಹಾಗೇ ಇರು. ಶ್ರಾವ್ಯಾಳಿಗೂ ಹೇಳ್ಬಾರ್ದು, ತಿಲಕ್‌ನಿಗೂ ಹೇಳ್ಬಾರ್ದು. ಹೇಳಿದ್ರೆ ನನ್ನ ಹೆಣ ನೋಡ್ಲಿಕ್ಕೂ ಬರ್ಬೇಡ."

"ಬರುವುದಿಲ್ಲ" ಎಂದೆ. ಸಿಟ್ಟಿನಿಂದಲೇ ಅಂದೆ.

ಹೊರಡುವಾಗ ಅಕ್ಕನೇ ಎದ್ದು ಬಾಗಿಲು ತೆರೆಯಲು ಹೋದರು. ಚಿಲಕ ಸಿಕ್ಕಲು ಹೊತ್ತಾಯಿತು. ನಾನು ಕೈ ಹಾಕಲಿಲ್ಲ, ಕಾದೆ.

ಏಪ್ರಿಲ್ 20, ಆದಿತ್ಯವಾರ

ಶ್ರಾವ್ಯಾ, ಅಳಿಯ ಬಂದಿದ್ದರು. ಠಾಣೆಯಲ್ಲಿ ಹೊಸ ಫ್ಲಾಟಿನ ಗೃಹಪ್ರವೇಶವಂತೆ, ಬರುವ ವಾರ. ಯಾರನ್ನೆಲ್ಲ ಕರೆಯುವುದು ಎಂದು ಲೆಕ್ಕ ಹಾಕುತ್ತಿದ್ದಳು.

"ಅತ್ತೆಗೆ ನಾನು ಹೇಳಲ್ಲ. ಶೀ ಇನ್ಸಲ್ಟೆಡ್ ಹಿಮ್. ಅವ್ನು ಮರಾಠಿ ಅಂತ."

ಅಳಿಯ, "ಅಸೂ ದೇ, ಜಾನೇ ದೇ" ಎಂದ, ಇರಲಿ ಬಿಡು ಎಂಬ ಹಾಗೆ. ಪಾಪದ ಹುಡುಗ. ಅವನ ಮುಖ ನೋಡಿದರೆ ಇನ್ನೂ ನೋವಿದೆ.

ಒಂದೇ ವಾಕ್ಯ ಸಾಕಿತ್ತು. ಮಗಳ ಮನಸ್ಸು ಹಗುರಾಗುತ್ತಿತ್ತು, ಅಳಿಯನದೂ. ಕೇಳಬೇಕೆಂದು ಹಟ ಹಿಡಿದ ಉತ್ತರ ನನಗೆ ಸಿಕ್ಕಿದೆ, ಬಾಯಿಯೊಳಗೆ ಬಿಸಿ ಗೆಣಸಿನ ಹಾಗೆ ಇದೆ, ನುಂಗಲೂ ಆಗದು, ಉಗುಳಲೂ ಆಗದು. ತಿಲಕ್ ನನ್ನ ಮುಖ ನೋಡುತ್ತಿದ್ದರು, ನಾನು ಬೆಂಕಿ ಹಚ್ಚುತ್ತೇನೆ ಎಂದು.

"ಕರೆಯಬೇಡ" ಎಂದೆ. "ಕರೆದರೂ ಆ ಹೆಂಗಸು ಬರುವವಳಲ್ಲ."

ಶ್ರಾವ್ಯಾಗೆ ಸಮಾಧಾನವಾಯಿತು. ನಾನು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದೆ, ತೊಳೆದದ್ದನ್ನೇ.

ಏಪ್ರಿಲ್ 23, ಬುಧವಾರ

ಅನೀಸ ಅವರ ಅಂಗಡಿ. ಕೈ ಅಲುಗಿದರೂ ಚಿತ್ರ ನಿಲ್ಲುವಂಥದು ಬೇಕು ಎಂದೆ.

"ಐತ್ರೀ ಮೇಡಂ. ಬ್ಯಾಟರಿದು. ಒಳಗ ಗಾಜು ತಾನ ಸರಿಹೊಂದ್ತದ. ಗುಂಡಿ ಒತ್ತಿ ನೋಡ್ರಿ."

ಎರಡು ಜಾತಿ ತೋರಿಸಿದರು. ಒಂದರ ಗುಂಡಿಯನ್ನು ನೋಡುವಷ್ಟು ಹೊತ್ತೂ ಒತ್ತಿಯೇ ಹಿಡಿದಿರಬೇಕು. ಅದು ಬೇಡ. ಇನ್ನೊಂದು ಒಮ್ಮೆ ಒತ್ತಿಬಿಟ್ಟರೆ ನಿಂತಿರುತ್ತದೆ. ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಕಟ್ಟಡದ ಮೇಲಿನ ಪಾರಿವಾಳ ನೋಡಿದೆ. ಬಲಗೈಯನ್ನು ಬೇಕಂತಲೇ ನಡುಗಿಸಿದೆ, ಅಕ್ಕನ ಹಾಗೆ, ಹೆಬ್ಬೆರಳು ಉರುಳಿಸುತ್ತ. ಪಾರಿವಾಳ ಕುಣಿದು ಮಸುಕಾಯಿತು. ಗುಂಡಿ ಒತ್ತಿದೆ. ತೇಲಿಬಂದು ನಿಂತಿತು. ಕುತ್ತಿಗೆಯ ಹಸಿರು ನೇರಳೆ ಗರಿ ಬಿಡಿಬಿಡಿಯಾಗಿ ಕಂಡಿತು. ಇನ್ನೂ ಜೋರಾಗಿ ನಡುಗಿಸಿದೆ. ಸ್ವಲ್ಪ ತೂಗಾಡಿತು, ಆದರೆ ಪಾರಿವಾಳ ಪಾರಿವಾಳವಾಗಿಯೇ ಉಳಿಯಿತು.

"ಏನ್ರೀ ಮೇಡಂ, ಚಳಿಜ್ವರ ಬಂದಾವೇನ್ರೀ?" ಎಂದರು ಅನೀಸ. "ಬಾಗಿಲಾಗ ಹಿಂಗ ನಡುಗಿದ್ರ ಗಿರಾಕಿ ಓಡಿ ಹೋಗ್ತಾರ್ರೀ."

"ಹಡಗಿನ ಪ್ರ್ಯಾಕ್ಟೀಸು" ಎಂದೆ.

ಮಳೆಗೆ ಹೊದಿಕೆ ಬೇರೆ ತೆಗೆದುಕೊಂಡೆ. ಭಾರ ಕುತ್ತಿಗೆಗೆ ಬೀಳದ ಹಾಗೆ ಎರಡೂ ಭುಜದ ಮೇಲೆ ಬರುವ ಪಟ್ಟಿಯನ್ನೂ. ಆ ಪಟ್ಟಿಯ ಕ್ಲಿಪ್ಪನ್ನು ಎಡಗೈಯೊಂದರಲ್ಲೇ ಹಾಕಲಾಗುತ್ತದೆಯೇ ಎಂದು ನೋಡಿದೆ. ಆಗುತ್ತದೆ.

ಏಪ್ರಿಲ್ 26, ಶನಿವಾರ

ಪ್ಯಾಕು ಮಾಡಿದೆ. ಚೆನ್ನಯನ ಕೈಯಲ್ಲಿ ಕೊಟ್ಟರೂ ಅಷ್ಟೆ, ಪೋಸ್ಟಿನಲ್ಲಿ ಕಳಿಸಿದರೂ ಅಷ್ಟೆ, ಆ ಮನೆಗೆ ಬರುವ ಪಾರ್ಸಲೆಲ್ಲ ಮೊದಲು ಹೋಟೆಲಿನ ಗಲ್ಲಾಕ್ಕೆ ಹೋಗುತ್ತದೆ, ಭಾವನೇ ಬಿಚ್ಚುತ್ತಾರೆ. ನಾನೇ ಹೋಗಿ ಕೊಡುವ ಹಾಗಿಲ್ಲ, ಬಿಸುವಿನ ಜಗಳದ ಮೇಲೆ ಒಡೆದದ್ದು ತರುವ ನೆಪವೂ ಮುಗಿಯಿತು. ಇನ್ನೊಮ್ಮೆ ಹೋದರೆ ಕಥೆ ಹುಟ್ಟುತ್ತದೆ. ಪೋಸ್ಟೇ ಸರಿ, ಮಾತು ಬಿಟ್ಟವರು ಕಳಿಸುವ ದಾರಿ ಅದು.

ಒಳಗೆ ಚೀಟಿ ಇಡಬೇಕು. ಗುಂಡಿಯ ವಿಷಯ ಅಕ್ಕನಿಗೆ ತಿಳಿಯಬೇಕು, ಭಾವನಿಗೆ ಏನೂ ತಿಳಿಯಬಾರದು. ಮೊದಲು ಬರೆದದ್ದು ಮೆತ್ತಗಾಯಿತು, "ಜೋಪಾನ" ಎಂಬ ಮಾತು ನುಸುಳಿತ್ತು. ಹರಿದೆ. ಎರಡನೆಯದರಲ್ಲಿ ಬೈಗುಳ ಸಾಲದು. ಅಕ್ಕ ಓದಿದರೆ ನಗುತ್ತಾರೆ. ಇಷ್ಟು ವರ್ಷ ಹುಡುಕದೆ ಬಾಯಿಗೆ ಬರುತ್ತಿದ್ದ ಮಾತುಗಳನ್ನು ಇವತ್ತು ಒಂದೊಂದಾಗಿ ಹುಡುಕಬೇಕಾಯಿತು. ಮೂರನೆಯದು ನಿಂತಿತು:

"ವಿನೋದಿನಿ ಅಕ್ಕನಿಗೆ. ಇದೇ ಕೊನೆಯದು. ಇದನ್ನೂ ವಾಪಸ್ಸು ಕಳಿಸಿದರೆ ಇನ್ನು ನನಗೆ ಫೋನ್ ಮಾಡಬೇಡಿ. ಹಡಗು ಅಲ್ಲಾಡುತ್ತದೆ ಎಂಬುದು ಬುದ್ಧಿ ಇದ್ದವರಿಗೆ ಗೊತ್ತಿರುತ್ತದೆ, ನಿಮಗೆ ಬರೆದೇ ಹೇಳಬೇಕು. ಹಡಗು ಎಷ್ಟೇ ಅಲ್ಲಾಡಲಿ, ಮೇಲಿನ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ, ಹಿಡಿದುಕೊಳ್ಳುವುದು ಬೇಡ. ತಿಮಿಂಗಿಲ ನಿಲ್ಲುತ್ತದೆ. ಅದೂ ಕಾಣಲಿಲ್ಲ ಎಂದರೆ ತಪ್ಪು ದುರ್ಬೀನಿನದಲ್ಲ. ನಮಿತಾ."

ಭಾವ ಇದನ್ನು ಗಿರಾಕಿಗಳ ಎದುರೇ ಗಟ್ಟಿಯಾಗಿ ಓದುತ್ತಾರೆ. ಓದಲಿ.

ಇವತ್ತು ಹೋಗುವಷ್ಟರಲ್ಲಿ ಪೋಸ್ಟ್ ಆಫೀಸು ಮುಚ್ಚಿತ್ತು, ನಾಳೆ ಆದಿತ್ಯವಾರ. ವಿಕ್ರೋಳಿಯಿಂದ ಸ್ಪೀಡ್ ಪೋಸ್ಟ್ ಮಾಡುವುದು ಸೋಮವಾರ, ಏಪ್ರಿಲ್ 28.